ಬಾವಲಿಯ ಕರುಳಿನಲ್ಲಿ ಅರ್ಧ ಗಂಟೆ

(ವನ್ಯಜೀವಿ ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ ಬಾವಲಿ. ಆದರೆ ನಾನು ಹಸುವಿನಿಂದ ಶುರು ಮಾಡುತ್ತೇನೆ.

ಹಸು ಹುಲ್ಲು ತಿನ್ನುತ್ತದೆ, ಹುಲ್ಲಿನಿಂದಲೇ ಬದುಕುತ್ತದೆ ಅಂತ ನಮಗೆಲ್ಲ ಗೊತ್ತು. ಆದರೆ ಹುಲ್ಲಿನ ನಾರನ್ನು ಒಡೆಯುವ ಕಿಣ್ವ ಹಸುವಿನ ದೇಹದಲ್ಲಿ ತಯಾರಾಗುವುದೇ ಇಲ್ಲ. ಆ ಕೆಲಸ ಮಾಡುವುದು ಅದರ ಹೊಟ್ಟೆಯ ಮೊದಲ ಕೋಣೆಯಲ್ಲಿರುವ ಬ್ಯಾಕ್ಟೀರಿಯಾ ಮತ್ತು ಇತರ ಸೂಕ್ಷ್ಮಜೀವಿಗಳು. ದೊಡ್ಡ ಹಸುವಿನ ಆ ಒಂದು ಕೋಣೆಯಲ್ಲೇ 100 ಲೀಟರ್‌ಗೂ ಜಾಸ್ತಿ ಹಿಡಿಸುತ್ತದೆ. ತಿಂದ ಮೇವು ಪೂರ್ತಿ ಆಚೆ ಬರಲು ಎರಡು ಮೂರು ದಿನ ಬೇಕು. ಅಷ್ಟು ಹೊತ್ತು ಒಳಗೆ ನೆನೆಯುತ್ತದೆ, ಹುಳಿಯುತ್ತದೆ, ಮತ್ತೆ ಬಾಯಿಗೆ ಬಂದು ಮೆಲುಕಾಗುತ್ತದೆ. ಬ್ಯಾಕ್ಟೀರಿಯಾಗಳಿಗೆ ಅದು ಮನೆ. ಬೆಚ್ಚಗಿದೆ, ತೇವ ಇದೆ, ಊಟ ಬರುತ್ತಲೇ ಇರುತ್ತದೆ. ಬದಲಿಗೆ ಅವು ಹಸುವನ್ನು ಸಾಕುತ್ತವೆ.

ಈಗ ಹಣ್ಣು ತಿನ್ನುವ ಒಂದು ಬಾವಲಿಯನ್ನು ನೋಡಿ. ಅದು ಹಣ್ಣನ್ನು ಬಾಯೊಳಗಿನ ಅಂಗುಳಕ್ಕೆ ಒತ್ತಿ ಹಿಂಡುತ್ತದೆ. ರಸ ನುಂಗುತ್ತದೆ. ನಾರನ್ನು ಉಂಡೆ ಮಾಡಿ ಉಗುಳುತ್ತದೆ. ನುಂಗಿದ್ದು ಅರ್ಧ ಗಂಟೆಯ ಆಸುಪಾಸಿನಲ್ಲಿ ಇನ್ನೊಂದು ತುದಿಯಿಂದ ಹೊರಗೆ ಬಂದಿರುತ್ತದೆ. ಎಷ್ಟೋ ಸಲ ಅದಕ್ಕೂ ಬೇಗ.

ಎರಡು ದಿನ ಎಲ್ಲಿ, ಅರ್ಧ ಗಂಟೆ ಎಲ್ಲಿ! ಅಷ್ಟು ಚಿಕ್ಕ ಹೊತ್ತಿನಲ್ಲಿ ಬ್ಯಾಕ್ಟೀರಿಯಾ ಏನು ಮಾಡಲು ಸಾಧ್ಯ? ಬಾವಲಿ ತಿನ್ನುವ ಆಹಾರಕ್ಕೂ ಅದರ ಕರುಳಿನ ಬ್ಯಾಕ್ಟೀರಿಯಾಕ್ಕೂ ನಂಟು ಇದೆಯಾ? ಇದ್ದರೆ ಎಂಥ ನಂಟು? ನನಗೆ ಈ ಪ್ರಶ್ನೆ ತುಂಬಾ ಇಷ್ಟ. ಯಾಕಂದರೆ "ಏನು ತಿನ್ನುತ್ತೀಯೋ ಅದೇ ನಿನ್ನ ಬ್ಯಾಕ್ಟೀರಿಯಾ" ಅನ್ನುವ ಸರಳ ಉತ್ತರ ಬಾವಲಿಯ ಹತ್ತಿರ ಬಂದಾಗ ಸಾಕಾಗುವುದಿಲ್ಲ.

ಮೊದಲು ಬಾವಲಿಗಳ ಊಟದ ವಿಷಯ. ಜಗತ್ತಿನಲ್ಲಿ 1400ಕ್ಕೂ ಹೆಚ್ಚು ಜಾತಿಯ ಬಾವಲಿಗಳಿವೆ. ಸಸ್ತನಿ ಜಾತಿಗಳಲ್ಲಿ ಸುಮಾರು ಐದರಲ್ಲಿ ಒಂದು ಬಾವಲಿಯೇ. ಬಹುಪಾಲು ಕೀಟ ತಿನ್ನುತ್ತವೆ. ಕೆಲವು ಹಣ್ಣು, ಕೆಲವು ಮಕರಂದ ಮತ್ತು ಪರಾಗ. ಕಪ್ಪೆ ಹಿಡಿಯುವವು ಇವೆ, ಮೀನು ಹಿಡಿಯುವವು ಇವೆ, ಹಕ್ಕಿ ಇಲಿಗಳನ್ನು ಬೇಟೆಯಾಡುವವು ಇವೆ. ಮೂರೇ ಮೂರು ಜಾತಿ ರಕ್ತ ಕುಡಿದು ಬದುಕುತ್ತವೆ. ಮೂರೂ ಅಮೆರಿಕ ಖಂಡಗಳಲ್ಲೇ ಇರುವಂಥವು.

ಅದರಲ್ಲೂ ಅಮೆರಿಕ ಖಂಡಗಳ ಎಲೆಮೂಗಿನ ಬಾವಲಿಗಳ ಕುಟುಂಬ ಒಂದು ಅದ್ಭುತ. ಅವುಗಳ ಪೂರ್ವಜ ಕೀಟ ತಿನ್ನುತ್ತಿತ್ತು. ಅದರಿಂದ ಬಂದ 200ಕ್ಕೂ ಹೆಚ್ಚು ಜಾತಿಗಳಲ್ಲಿ ಈಗ ಹಣ್ಣು, ಹೂವು, ಕೀಟ, ಮಾಂಸ, ರಕ್ತ, ಎಲ್ಲ ಬಗೆಯ ಊಟವೂ ಇದೆ. ಒಂದೇ ಅಜ್ಜಿಯ ಮೊಮ್ಮಕ್ಕಳು, ಒಬ್ಬೊಬ್ಬರದು ಒಂದೊಂದು ಅಡುಗೆಮನೆ. ಆಹಾರ ಬದಲಾದರೆ ಕರುಳಿನ ಬ್ಯಾಕ್ಟೀರಿಯಾ ಹೇಗೆ ಬದಲಾಗುತ್ತದೆ ಅಂತ ನೋಡಲು ಪ್ರಕೃತಿ ತಾನೇ ಇಟ್ಟುಕೊಟ್ಟ ಪ್ರಯೋಗ ಇದು. ಹಾಗಾಗಿ ಈ ವಿಷಯದ ಸಂಶೋಧನೆಯಲ್ಲಿ ಈ ಕುಟುಂಬದ ಹೆಸರು ಮತ್ತೆ ಮತ್ತೆ ಬರುತ್ತದೆ.

ಸಂಶೋಧಕರು ಇದನ್ನು ನೋಡುವುದು ಹೇಗೆ? ರಾತ್ರಿ ಬಾವಲಿಗಳು ಓಡಾಡುವ ದಾರಿಯಲ್ಲಿ ತೀರಾ ತೆಳುವಾದ ಎಳೆಯ ಬಲೆ ಕಟ್ಟುತ್ತಾರೆ. ಸಿಕ್ಕ ಬಾವಲಿಯನ್ನು ಮೃದುವಾಗಿ ಬಿಡಿಸಿ ಒಂದು ಶುಭ್ರ ಬಟ್ಟೆ ಚೀಲದಲ್ಲಿ ಸ್ವಲ್ಪ ಹೊತ್ತು ಇಡುತ್ತಾರೆ. ಅದು ಚೀಲದೊಳಗೆ ಹಿಕ್ಕೆ ಹಾಕುತ್ತದೆ. ಅದರ ಊಟ ಬೇಗ ಆಚೆ ಬರುತ್ತದೆ ಅನ್ನುವುದು ಇಲ್ಲಿ ಅನುಕೂಲ. ಆಮೇಲೆ ಬಾವಲಿಯನ್ನು ಹಾರಲು ಬಿಟ್ಟುಬಿಡುತ್ತಾರೆ. ಹಿಕ್ಕೆಯಲ್ಲಿರುವ ಡಿಎನ್ಎಯಿಂದ ಯಾವ್ಯಾವ ಬ್ಯಾಕ್ಟೀರಿಯಾ ಇವೆ ಅಂತ ಗುರುತಿಸುತ್ತಾರೆ. 16ಎಸ್ ಅನ್ನುವ ಒಂದು ಜೀನ್ ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇದೆ, ಆದರೆ ಒಂದೊಂದರಲ್ಲೂ ಸ್ವಲ್ಪ ಬೇರೆ ಬೇರೆ. ಅದು ಅವುಗಳ ಗುರುತಿನ ಚೀಟಿ ಇದ್ದ ಹಾಗೆ.

2008ರಲ್ಲಿ ರೂತ್ ಲೀ ಮತ್ತು ಸಂಗಡಿಗರು 60 ಜಾತಿಯ ಸಸ್ತನಿಗಳ ಮಲವನ್ನು ಹೀಗೆ ಪರೀಕ್ಷಿಸಿದರು. ಎರಡು ಸಂಗತಿ ಎದ್ದು ಕಂಡವು. ಒಂದು, ಆಹಾರ. ಮಾಂಸ ತಿನ್ನುವವುಗಳಲ್ಲಿ ಬ್ಯಾಕ್ಟೀರಿಯಾ ಬಗೆಗಳು ಕಡಿಮೆ, ಎಲ್ಲ ತಿನ್ನುವವುಗಳಲ್ಲಿ ಸ್ವಲ್ಪ ಜಾಸ್ತಿ, ಸೊಪ್ಪು ಹುಲ್ಲು ತಿನ್ನುವವುಗಳಲ್ಲಿ ಎಲ್ಲಕ್ಕಿಂತ ಜಾಸ್ತಿ. ಎರಡು, ವಂಶ. ಹತ್ತಿರದ ಸಂಬಂಧಿಗಳ ಕರುಳಿನಲ್ಲಿ ಒಂದೇ ರೀತಿಯ ಬ್ಯಾಕ್ಟೀರಿಯಾ. ಇದು ಒಳ್ಳೆಯ ನಿಯಮ ಅನ್ನಿಸಿತು. ಎಷ್ಟೋ ಪ್ರಾಣಿಗಳಿಗೆ ಇದು ಸರಿಯಾಗಿಯೇ ಹೊಂದುತ್ತದೆ.

2020ರಲ್ಲಿ ಇನ್ನೊಂದು ದೊಡ್ಡ ಅಧ್ಯಯನ ಬಂತು. ಸೆ ಜಿನ್ ಸಾಂಗ್ ಮತ್ತು ಸಂಗಡಿಗರು ಸುಮಾರು 900 ಜಾತಿಯ ಬೆನ್ನೆಲುಬುಳ್ಳ ಪ್ರಾಣಿಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಹಾರದ ಸಸ್ತನಿಗಳಲ್ಲಿ ವಂಶ ಮತ್ತು ಆಹಾರದ ಗುರುತು ಕರುಳಿನ ಬ್ಯಾಕ್ಟೀರಿಯಾದಲ್ಲಿ ಸ್ಪಷ್ಟವಾಗಿ ಕಂಡಿತು. ಬಾವಲಿಗಳಲ್ಲಿ ಮಾತ್ರ ಆ ಗುರುತು ಮಸುಕು. ಅಷ್ಟೇ ಅಲ್ಲ, ಬಾವಲಿಗಳ ಬ್ಯಾಕ್ಟೀರಿಯಾ ಉಳಿದ ಸಸ್ತನಿಗಳಿಗಿಂತ ಹಕ್ಕಿಗಳ ಬ್ಯಾಕ್ಟೀರಿಯಾವನ್ನು ಹೋಲುತ್ತಿತ್ತು! ಹಕ್ಕಿಗೂ ಬಾವಲಿಗೂ ವಂಶದಲ್ಲಿ ಹತ್ತಿರದ ನಂಟಿಲ್ಲ. ಆದರೂ ಹೋಲಿಕೆ. ಎರಡಕ್ಕೂ ಸಾಮಾನ್ಯವಾಗಿ ಇರುವುದು ಒಂದೇ: ಎರಡೂ ಹಾರುತ್ತವೆ.

ಹಾರಾಟಕ್ಕೂ ಕರುಳಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ನನ್ನ ಮಟ್ಟಿಗೆ ಇವತ್ತಿನ ಮಾತಿನ ಜೀವ ಇರುವುದು ಇಲ್ಲೇ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಹಾರುವ ಪ್ರಾಣಿಗೆ ಪ್ರತಿ ಗ್ರಾಮ್ ತೂಕವೂ ಹೊರೆ. ಹೊಟ್ಟೆ ತುಂಬ ಆಹಾರ ಇಟ್ಟುಕೊಂಡು ದಿನಗಟ್ಟಲೆ ಹುಳಿಯಲು ಬಿಡುವ ಹಾಗಿಲ್ಲ. ಹಾಗಾಗಿ ಬಾವಲಿಯ ಕರುಳು ಅದೇ ಗಾತ್ರದ ಬೇರೆ ಸಸ್ತನಿಯ ಕರುಳಿಗಿಂತ ಗಿಡ್ಡ. ಮೊಲದಂಥ ಪ್ರಾಣಿಗಳಲ್ಲಿ ಸಣ್ಣಕರುಳೂ ದೊಡ್ಡಕರುಳೂ ಸೇರುವ ಜಾಗದಲ್ಲಿ ಒಂದು ಚೀಲ ಇರುತ್ತದೆ. ಬ್ಯಾಕ್ಟೀರಿಯಾಗಳು ನೆಮ್ಮದಿಯಾಗಿ ಕೂತು ಕೆಲಸ ಮಾಡುವ ಜಾಗ ಅದು. ಬಹುಪಾಲು ಬಾವಲಿಗಳಲ್ಲಿ ಆ ಚೀಲವೇ ಇಲ್ಲ.

ಕರುಳು ಗಿಡ್ಡವಾದರೆ ಪೋಷಕಾಂಶ ಹೀರುವುದು ಕಡಿಮೆಯಾಗಬೇಕು ಅಲ್ವಾ? ಆದರೆ ಹಾರಲು ಬೇಕಾಗುವ ಶಕ್ತಿ ಕಡಿಮೆಯೇನಲ್ಲ. ಇದಕ್ಕೆ ಬಾವಲಿಗಳ ದೇಹ ಒಂದು ದಾರಿ ಮಾಡಿಕೊಂಡಿದೆ. ಸಾಮಾನ್ಯವಾಗಿ ಸಕ್ಕರೆ ಕರುಳಿನ ಜೀವಕೋಶಗಳ ಮೂಲಕ ಒಳಗೆ ಹೋಗುತ್ತದೆ. ಹಾರುವ ಪ್ರಾಣಿಗಳಲ್ಲಿ ಕೋಶ ಕೋಶಗಳ ನಡುವಿನ ಸಂದಿಯಿಂದಲೂ ಬೇಕಾದಷ್ಟು ನುಗ್ಗುತ್ತದೆ. 2007ರಲ್ಲಿ ಎನ್ರಿಕೆ ಕವಿಯೆದೆಸ್-ವಿದಾಲ್ ಮತ್ತು ಸಂಗಡಿಗರು ತೋರಿಸಿದ್ದು ಇದನ್ನೇ. ಹಕ್ಕಿಗಳೂ ಬಾವಲಿಗಳೂ ಬೇರೆ ಬೇರೆಯಾಗಿ ಈ ಒಂದೇ ದಾರಿಗೆ ಬಂದು ಸೇರಿವೆ.

ಮಕರಂದ ಕುಡಿಯುವ ಬಾವಲಿಗಳಲ್ಲಿ ಇದರ ವೇಗ ನಂಬಲು ಕಷ್ಟ. ಕುಡಿದ ಸಕ್ಕರೆ ಕೆಲವೇ ನಿಮಿಷಗಳಲ್ಲಿ ರೆಕ್ಕೆಯ ಸ್ನಾಯುಗಳಲ್ಲಿ ಉರಿಯುತ್ತಿರುತ್ತದೆ. ಹೂವಿನ ಮುಂದೆ ರೆಕ್ಕೆ ಬಡಿಯುತ್ತಾ ನಿಂತಿರುವಾಗಲೇ ಹಿಂದಿನ ಹೂವಿನ ಮಕರಂದ ಖರ್ಚಾಗುತ್ತಿರುತ್ತದೆ. ಇಂಥ ಪ್ರಾಣಿಗೆ ತನ್ನ ಊಟದಲ್ಲಿ ಬ್ಯಾಕ್ಟೀರಿಯಾಗಳಿಗೆ ಪಾಲು ಕೊಡಲು ಪುರುಸೊತ್ತಾದರೂ ಎಲ್ಲಿದೆ?

ಈಗ ಬ್ಯಾಕ್ಟೀರಿಯಾದ ಕಡೆಯಿಂದ ಯೋಚನೆ ಮಾಡಿ. ಪ್ರಯೋಗಾಲಯದಲ್ಲಿ ಎಲ್ಲ ಅನುಕೂಲ ಮಾಡಿಕೊಟ್ಟಾಗ ಇ. ಕೋಲೈ ಅನ್ನುವ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೆ ಒಂದರಿಂದ ಎರಡಾಗುತ್ತದೆ. ನಾರು ಅರಗಿಸುವ ಎಷ್ಟೋ ಬ್ಯಾಕ್ಟೀರಿಯಾಗಳು ಅದಕ್ಕಿಂತ ತುಂಬಾ ನಿಧಾನ. ಅರ್ಧ ಗಂಟೆಗೊಮ್ಮೆ ಎಲ್ಲ ಕೊಚ್ಚಿಕೊಂಡು ಹೋಗುವ ಜಾಗದಲ್ಲಿ ನಿಧಾನದವಕ್ಕೆ ಉಳಿಗಾಲ ಇಲ್ಲ. ಒಂದೋ ಬೇಗ ಬೆಳೆಯಬೇಕು, ಇಲ್ಲ ಕರುಳಿನ ಗೋಡೆಯನ್ನು ಕಚ್ಚಿ ಹಿಡಿಯಬೇಕು.

ಮನುಷ್ಯರ ಕರುಳಿನಲ್ಲಿ ಫರ್ಮಿಕ್ಯೂಟ್ಸ್ ಮತ್ತು ಬ್ಯಾಕ್ಟೀರಾಯ್ಡೀಟ್ಸ್ ಅನ್ನುವ ಎರಡು ಗುಂಪು ಜಾಸ್ತಿ. ಬಾವಲಿಗಳಲ್ಲಿ ಬ್ಯಾಕ್ಟೀರಾಯ್ಡೀಟ್ಸ್ ಕಡಿಮೆ. ಬದಲಿಗೆ ಪ್ರೋಟಿಯೋಬ್ಯಾಕ್ಟೀರಿಯಾ ಅನ್ನುವ ಗುಂಪು ತುಂಬಿರುತ್ತದೆ. ಇ. ಕೋಲೈ ಕೂಡ ಈ ಗುಂಪಿನದ್ದೇ. ಇವುಗಳಲ್ಲಿ ಬಹಳಷ್ಟು ಬೇಗ ಬೆಳೆಯುತ್ತವೆ, ಆಮ್ಲಜನಕ ಇದ್ದರೂ ಬದುಕುತ್ತವೆ, ಇಲ್ಲದಿದ್ದರೂ ಬದುಕುತ್ತವೆ. ಮನುಷ್ಯರ ಕರುಳಿನಲ್ಲಿ ಈ ಗುಂಪು ಉಕ್ಕಿ ಬೆಳೆದರೆ ಏನೋ ಎಡವಟ್ಟಾಗಿದೆ ಅಂತ ಅನುಮಾನ ಪಡುತ್ತಾರೆ. ಬಾವಲಿಯಲ್ಲಿ ಅದು ಮಾಮೂಲು. ಇದನ್ನು ನಾನು ಒತ್ತಿ ಹೇಳುತ್ತೇನೆ. ನಮ್ಮ ಹೊಟ್ಟೆಯ ಅಳತೆಗೋಲು ಹಿಡಿದು ಬಾವಲಿಯ ಹೊಟ್ಟೆ ಕೆಟ್ಟಿದೆ ಅನ್ನುವುದು ಅನ್ಯಾಯ.

ಹಸುವಿನ ಹೊಟ್ಟೆಯನ್ನು ಮನೆ ಅಂದೆ. ಬಾವಲಿಯ ಕರುಳು ಬಸ್ ನಿಲ್ದಾಣ. ಬರುವವರು ಹೋಗುವವರೇ ಜಾಸ್ತಿ. ಇವತ್ತು ಯಾವ ಬಸ್ ಬಂತೋ ಅದರ ಪ್ರಯಾಣಿಕರು ಇವತ್ತು ಕಾಣುತ್ತಾರೆ. ಆದರೆ ನಿಲ್ದಾಣದಲ್ಲೂ ದಿನಾ ಬಾಗಿಲು ತೆಗೆಯುವ ಅಂಗಡಿಯವರು ಇರುತ್ತಾರೆ ಅಲ್ವಾ? ಬಸ್ ಯಾವುದೇ ಬರಲಿ, ಅವರು ಅಲ್ಲೇ ಇರುತ್ತಾರೆ.

ಈ ಹೋಲಿಕೆಯನ್ನು ನಾನು ಸುಮ್ನೆ ಹೇಳುತ್ತಿಲ್ಲ. 2018ರಲ್ಲಿ ಮೆಲಿಸಾ ಇಂಗಾಲಾ ಮತ್ತು ಸಂಗಡಿಗರು ಮಧ್ಯ ಅಮೆರಿಕದ ಬೆಲೀಜ್ ದೇಶದ ಬಾವಲಿಗಳಲ್ಲಿ ಎರಡು ಬಗೆಯ ಮಾದರಿ ತೆಗೆದು ಹೋಲಿಸಿದರು. ಒಂದು ಹಿಕ್ಕೆ. ಇನ್ನೊಂದು ಕರುಳಿನ ಒಳಗೋಡೆ. ಎರಡೂ ಒಂದೇ ಕಥೆ ಹೇಳಲಿಲ್ಲ. ಹಿಕ್ಕೆಯಲ್ಲಿ ಆಹಾರದ ಗುರುತು ಚೆನ್ನಾಗಿ ಕಂಡಿತು. ಒಳಗೋಡೆಯಲ್ಲಿ ವಂಶದ ಗುರುತು ಜಾಸ್ತಿ ಕಂಡಿತು. ಹಿಕ್ಕೆಯಲ್ಲಿ ಸಿಕ್ಕವರು ಪ್ರಯಾಣಿಕರು, ಗೋಡೆಯಲ್ಲಿ ಸಿಕ್ಕವರು ಅಂಗಡಿಯವರು. ಬಾವಲಿಯ ಬ್ಯಾಕ್ಟೀರಿಯಾವನ್ನು ನಿರ್ಧರಿಸುವುದು ಆಹಾರವೋ ವಂಶವೋ ಅಂತ ಎಷ್ಟೋ ವಾದ ನಡೆದಿದೆ. ಎಲ್ಲಿಂದ ಮಾದರಿ ತೆಗೆದಿರಿ ಅನ್ನುವ ಪ್ರಶ್ನೆಯನ್ನು ಮೊದಲು ಕೇಳಿದ್ದರೆ ಆ ವಾದದಲ್ಲಿ ಅರ್ಧ ಮುಗಿಯುತ್ತಿತ್ತು ಅಂತ ನನ್ನ ಅನಿಸಿಕೆ. ಅದಕ್ಕೂ ಮುಂಚೆ, 2015ರಲ್ಲಿ, ಮೆಕ್ಸಿಕೋದ ಸಂಶೋಧಕರು ಎಲೆಮೂಗಿನ ಬಾವಲಿಗಳಲ್ಲಿ ವಂಶ, ಆಹಾರ ಎರಡರ ನಂಟನ್ನೂ ಕಂಡಿದ್ದರು.

ಸರಿ, ಬ್ಯಾಕ್ಟೀರಿಯಾಗಳು ಅಲ್ಲಿವೆ. ಅವುಗಳಿಂದ ಬಾವಲಿಗೆ ಉಪಯೋಗ ಇದೆಯಾ?

ಕೀಟದ ವಿಷಯ ತೆಗೆದುಕೊಳ್ಳಿ. ಕೀಟದ ಹೊರಕವಚದಲ್ಲಿ ಕೈಟಿನ್ ಅನ್ನುವ ಗಟ್ಟಿ ವಸ್ತು ಇದೆ. ಅದನ್ನು ಅರಗಿಸುವುದು ಸುಲಭವಲ್ಲ. 2004ರಲ್ಲಿ ಅಮೆರಿಕದ ಸಂಶೋಧಕರು ಕೀಟ ತಿನ್ನುವ ಬಾವಲಿಗಳ ಕರುಳಿನಿಂದ ಕೈಟಿನ್ ಒಡೆಯುವ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ಬೆಳೆಸಿದರು. ಆದರೆ ಕೈಟಿನ್ ಒಡೆಯುವ ಕಿಣ್ವದ ಜೀನ್ ಕೀಟ ತಿನ್ನುವ ಸಸ್ತನಿಗಳ ಸ್ವಂತ ದೇಹದಲ್ಲೂ ಇದೆ. ಅಂದರೆ ಬಾವಲಿ ಈ ಕೆಲಸಕ್ಕೆ ಬ್ಯಾಕ್ಟೀರಿಯಾವನ್ನೇ ನಂಬಿ ಕೂತಿಲ್ಲ. ಕೈ ಜೋಡಿಸುವವರು ಇದ್ದರೆ ಒಳ್ಳೆಯದು, ಅಷ್ಟೆ.

ಅದೇ 2004ರಲ್ಲಿ ನಮ್ಮ ದೇಶದ ದೊಡ್ಡ ಬಾವಲಿ, ಅಂದರೆ ಇಂಡಿಯನ್ ಫ್ಲೈಯಿಂಗ್ ಫಾಕ್ಸ್ ಮೇಲೆ ನಡೆದ ಅಧ್ಯಯನವೂ ಪ್ರಕಟವಾಯಿತು. ಅದರ ಕರುಳಿನಲ್ಲಿ ಸೆಲ್ಯುಲೋಸ್ ಮತ್ತು ಕ್ಸೈಲಾನ್ ಒಡೆಯುವ ಬ್ಯಾಕ್ಟೀರಿಯಾ ಸಿಕ್ಕಿದವು. ಎರಡೂ ಗಿಡಗಳ ನಾರಿನ ಭಾಗಗಳು. ನಾರು ಉಗುಳುವ ಪ್ರಾಣಿಯಲ್ಲಿ ನಾರು ಒಡೆಯುವ ಬ್ಯಾಕ್ಟೀರಿಯಾ ಯಾಕೆ? ಎಷ್ಟು ಉಗುಳಿದರೂ ಸ್ವಲ್ಪ ನಾರು ಒಳಗೆ ಹೋಗಿಯೇ ಹೋಗುತ್ತದೆ. ಹಣ್ಣು ತಿನ್ನುವ ಬಾವಲಿಗಳು ಎಲೆಯನ್ನೂ ಅಗಿದು ರಸ ಹೀರುತ್ತವೆ. ಹಣ್ಣಿನಲ್ಲಿ ಸಕ್ಕರೆ ಜಾಸ್ತಿ, ಪ್ರೋಟೀನ್ ಕಡಿಮೆ. ಎಲೆ ಆ ಕೊರತೆಯನ್ನು ಸ್ವಲ್ಪ ತುಂಬುತ್ತದೆ. ಇಲ್ಲೂ ಬ್ಯಾಕ್ಟೀರಿಯಾ ಮಾಡುವುದು ಪಕ್ಕದ ಸಹಾಯ. ಹಸುವಿನ ಹಾಗೆ ಇಡೀ ಸಂಸಾರವನ್ನು ಅವುಗಳ ಕೈಗೆ ಕೊಟ್ಟಿಲ್ಲ.

ರಕ್ತ ಕುಡಿಯುವ ಬಾವಲಿಗೆ ಬಂದಾಗ ಮಾತ್ರ ಈ ಸಡಿಲ ನಂಟು ಬಿಗಿಯಾಗುತ್ತದೆ ಅಂತ ನನಗೆ ಅನ್ನಿಸುತ್ತದೆ.

ರಕ್ತ ಪೌಷ್ಟಿಕ ಅಂತ ನಾವು ಅಂದುಕೊಳ್ಳುತ್ತೇವೆ. ಊಟವಾಗಿ ನೋಡಿದರೆ ಅದು ತುಂಬಾ ಬಡ ಆಹಾರ. ಅದರ ಬಹುಭಾಗ ನೀರು. ನೀರು ತೆಗೆದು ಉಳಿದದ್ದರಲ್ಲಿ ಸುಮಾರು ಶೇಕಡಾ 93 ಪ್ರೋಟೀನ್. ಕಾರ್ಬೋಹೈಡ್ರೇಟ್ ಬರೀ ಶೇಕಡಾ 1. ವಿಟಮಿನ್ ಅತಿ ಕಡಿಮೆ. ಕಬ್ಬಿಣ ಮಾತ್ರ ವಿಷವಾಗುವಷ್ಟು ಜಾಸ್ತಿ. ಮೇಲಿಂದ ರಕ್ತದ ಜೊತೆ ರೋಗಾಣುಗಳೂ ಬರಬಹುದು. ಸುಮಾರು 30ರಿಂದ 40 ಗ್ರಾಮ್ ತೂಗುವ ಈ ಬಾವಲಿ ಒಂದು ಊಟದಲ್ಲಿ ತನ್ನ ತೂಕದ ಅರ್ಧದಷ್ಟು ರಕ್ತ ಕುಡಿಯಬಲ್ಲದು. ನೀರನ್ನು ಆಗಿಂದಾಗಲೇ ಮೂತ್ರವಾಗಿ ಹೊರಹಾಕುತ್ತದೆ. ಇಲ್ಲದಿದ್ದರೆ ಹಾರಲು ಆಗುವುದಿಲ್ಲ. ಎರಡು ಮೂರು ರಾತ್ರಿ ಊಟ ಸಿಗದಿದ್ದರೆ ಸತ್ತೇ ಹೋಗುತ್ತದೆ.

2018ರಲ್ಲಿ ಮರಿಯಾ ಲಿಸಾಂದ್ರಾ ಸೆಪೆದಾ ಮೆಂಡೋಸಾ ಮತ್ತು ಸಂಗಡಿಗರು ಈ ಬಾವಲಿಯ ಜೀನೋಮ್ ಮತ್ತು ಅದರ ಕರುಳಿನ ಬ್ಯಾಕ್ಟೀರಿಯಾಗಳ ಜೀನ್‌ಗಳನ್ನು ಜೊತೆ ಜೊತೆಗೆ ಓದಿದರು. ಇದು ನನಗೆ ತುಂಬಾ ಮೆಚ್ಚಿಗೆಯಾದ ಕೆಲಸ. ಪ್ರಾಣಿಯನ್ನು ಬೇರೆ, ಬ್ಯಾಕ್ಟೀರಿಯಾವನ್ನು ಬೇರೆ ನೋಡದೆ ಎರಡನ್ನೂ ಒಂದೇ ಸಂಸಾರ ಅಂತ ನೋಡಿದರು. ಕೀಟ, ಹಣ್ಣು, ಮಾಂಸ ತಿನ್ನುವ ಬಾವಲಿಗಳಿಗಿಂತ ಇದರ ಕರುಳಿನ ಸಮುದಾಯ ಎದ್ದು ಕಾಣುವಷ್ಟು ಬೇರೆ ಇತ್ತು. ವಿಟಮಿನ್ ತಯಾರಿಕೆಗೆ ಸಂಬಂಧಿಸಿದ ಬ್ಯಾಕ್ಟೀರಿಯಾ ಜೀನ್‌ಗಳು ಅಲ್ಲಿದ್ದವು. ಬೇರೆ ಸಸ್ತನಿಗಳಿಗೆ ರೋಗ ತರಬಲ್ಲ 280ಕ್ಕೂ ಹೆಚ್ಚು ಬಗೆಯ ಬ್ಯಾಕ್ಟೀರಿಯಾಗಳೂ ಅದರ ಹಿಕ್ಕೆಯಲ್ಲಿ ಸಿಕ್ಕಿದವು. ಬಾವಲಿ ಮಾತ್ರ ಅವುಗಳ ಜೊತೆ ಬದುಕಿಕೊಂಡಿದೆ.

ಎಲ್ಲ ಕೆಲಸವೂ ಬ್ಯಾಕ್ಟೀರಿಯಾದ್ದಲ್ಲ ಅನ್ನುವುದನ್ನೂ ಇಲ್ಲೇ ಹೇಳಬೇಕು. 2022ರ ಇನ್ನೊಂದು ಅಧ್ಯಯನದ ಪ್ರಕಾರ ಈ ಬಾವಲಿ ವಿಕಾಸದ ದಾರಿಯಲ್ಲಿ ಹಲವು ಜೀನ್‌ಗಳನ್ನು ಕಳೆದುಕೊಂಡಿದೆ. ಅದರಲ್ಲಿ ಒಂದು ಜೀನ್ ಹೋದದ್ದರಿಂದ ಕರುಳಿನ ಕೋಶಗಳಲ್ಲಿ ಕಬ್ಬಿಣ ಶೇಖರವಾಗಿ, ಆ ಕೋಶಗಳು ಉದುರಿದಾಗ ಕಬ್ಬಿಣವೂ ಆಚೆ ಹೋಗುತ್ತದೆ ಅಂತ ಅವರು ವಿವರಿಸುತ್ತಾರೆ. ಕಳೆದುಕೊಂಡದ್ದೇ ಲಾಭವಾಯಿತು. ಇಂಥ ಕಡೆ ಬಾವಲಿಯ ಸ್ವಂತ ದೇಹವೂ ಬದಲಾಗಿದೆ, ಅದರ ಬ್ಯಾಕ್ಟೀರಿಯಾ ಸಮುದಾಯವೂ ಬದಲಾಗಿದೆ.

ಇದೇ ಬಾವಲಿಯ ಇನ್ನೊಂದು ಸಂಗತಿ. ಎಲ್ಲರ ಊಟವೂ ರಕ್ತವೇ ತಾನೇ, ಹಾಗಾದರೆ ಎಲ್ಲರ ಬ್ಯಾಕ್ಟೀರಿಯಾವೂ ಒಂದೇ ಇರಬೇಕಲ್ಲ? ಇಲ್ಲ. ಜಾಗದಿಂದ ಜಾಗಕ್ಕೆ ಬೇರೆ ಇರುತ್ತದೆ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ದೂರ ದೂರದ ಜಾಗಗಳಿಂದ ತಂದ ಬಾವಲಿಗಳನ್ನು ನಾಲ್ಕು ತಿಂಗಳು ಒಟ್ಟಿಗೆ ಇಟ್ಟರು. ಅವುಗಳ ಕರುಳಿನ ಬ್ಯಾಕ್ಟೀರಿಯಾ ನಿಧಾನವಾಗಿ ಒಂದನ್ನೊಂದು ಹೋಲತೊಡಗಿದವು. ಈ ಬಾವಲಿಗಳು ಒಂದರ ಮೈಯನ್ನು ಇನ್ನೊಂದು ನೆಕ್ಕುತ್ತವೆ. ಹಸಿದು ಬಂದ ಗೆಳತಿಗೆ ತಾನು ಕುಡಿದ ರಕ್ತವನ್ನು ಬಾಯಿಂದ ಬಾಯಿಗೆ ಕೊಡುತ್ತವೆ. ಜೆರಾಲ್ಡ್ ವಿಲ್ಕಿನ್‌ಸನ್ ಇದನ್ನು 1984ರಲ್ಲೇ ವಿವರವಾಗಿ ದಾಖಲಿಸಿದ್ದರು. ಊಟದಷ್ಟೇ ಒಡನಾಟವೂ ಕರುಳನ್ನು ರೂಪಿಸುತ್ತದೆ ಅಂತ ಓದಿದಾಗ ನನಗೆ ಮನಸ್ಸು ತುಂಬಿ ಬಂತು.

ಇಲ್ಲಿಗೆ ನನ್ನ ಮಾತು ಮುಗಿಸಿದ್ದೆ. ಆಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಬರೆಯುತ್ತೇನೆ.

ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಕೇಳಿದರು: "ವಯಸ್ಸಾದ ಹಾಗೆ ನಮ್ಮ ಹೊಟ್ಟೆ ಮೊದಲಿನ ಹಾಗಿರಲ್ಲ. ಬಾವಲಿಗೂ ಹಾಗೇನಾ?"

ಅವರ ಪ್ರಶ್ನೆಗೆ ಒಂದು ಚೆಂದದ ಉತ್ತರ ಇದೆ ಸರ್ ಅಂದೆ. ಬಾವಲಿಗಳು ತಮ್ಮ ಗಾತ್ರಕ್ಕೆ ಹೋಲಿಸಿದರೆ ತುಂಬಾ ವರ್ಷ ಬದುಕುತ್ತವೆ. ಬ್ರಾಂಟ್ಸ್ ಬಾವಲಿ ಅನ್ನುವ ಪುಟ್ಟ ಜಾತಿಯ ಒಂದು ಬಾವಲಿ ಕನಿಷ್ಠ 41 ವರ್ಷ ಬದುಕಿದ ದಾಖಲೆ ಇದೆ. 2018ರಲ್ಲಿ ಯುರೋಪಿನ ಒಂದು ಇಲಿಕಿವಿ ಬಾವಲಿಯ ಜಾತಿಯಲ್ಲಿ ಎಳೆಯ ಮತ್ತು ವಯಸ್ಸಾದ ಬಾವಲಿಗಳ ಬ್ಯಾಕ್ಟೀರಿಯಾ ಹೋಲಿಸಿ ನೋಡಿದರು. ವಯಸ್ಸಿಗೂ ಬ್ಯಾಕ್ಟೀರಿಯಾಗಳ ವೈವಿಧ್ಯಕ್ಕೂ ನಂಟು ಕಾಣಲಿಲ್ಲ. ಅಂಗಡಿಯವರು ಬದಲಾಗದೆ ಉಳಿದಿದ್ದಾರೋ, ಪ್ರಯಾಣಿಕರೇ ತುಂಬಿರುವುದರಿಂದ ವಯಸ್ಸಿನ ಗುರುತು ಬೀಳುವುದಿಲ್ಲವೋ, ಎರಡೂ ಯೋಚಿಸಬೇಕಾದ ಸಾಧ್ಯತೆಗಳೇ.

ಕಾಲೇಜು ಹುಡುಗಿಯೊಬ್ಬಳು ಕೇಳಿದಳು: "ನಾವು ಹಿಕ್ಕೆ ತಂದು ಮೈಕ್ರೋಸ್ಕೋಪಿನಲ್ಲಿ ನೋಡಬಹುದಾ?"

ಬೇಡಮ್ಮ, ಬರಿಗೈಯಲ್ಲಂತೂ ಖಂಡಿತ ಬೇಡ. ಒಣಗಿದ ಹಿಕ್ಕೆಯ ಧೂಳಿನಲ್ಲಿ ಶ್ವಾಸಕೋಶಕ್ಕೆ ರೋಗ ತರುವ ಶಿಲೀಂಧ್ರ ಇರಬಹುದು. ಬಾವಲಿಯನ್ನೂ ಮುಟ್ಟಬಾರದು, ರೇಬೀಸ್‌ನಂಥ ರೋಗದ ಅಪಾಯ ಇದೆ. ಸಂಶೋಧಕರು ಅನುಮತಿ ಪಡೆದು, ಲಸಿಕೆ ಹಾಕಿಸಿಕೊಂಡು, ಕೈಗವಸು ಮುಖಗವಸು ತೊಟ್ಟು ಈ ಕೆಲಸ ಮಾಡುತ್ತಾರೆ. ಬಾವಲಿ ನೇತಾಡುವ ಜಾಗಕ್ಕೆ ನುಗ್ಗಿ ಅವುಗಳನ್ನು ಎಬ್ಬಿಸುವುದೂ ತಪ್ಪು. ಮರದ ಕೆಳಗೆ ದೂರ ನಿಂತು ಅವು ಉಗುಳಿದ ಉಂಡೆ, ಬಿದ್ದ ಬೀಜ ಏನೇನು ಅಂತ ಬರೆದಿಟ್ಟುಕೊಳ್ಳಿ. ವರ್ಷವಿಡೀ ಬರೆದರೆ ಯಾವ ಕಾಲದಲ್ಲಿ ಏನು ತಿನ್ನುತ್ತವೆ ಅನ್ನುವ ಒಳ್ಳೆಯ ದಾಖಲೆ ನಿಮ್ಮ ಹತ್ತಿರ ಇರುತ್ತದೆ. ಆಹಾರದ ದಾಖಲೆ ಇಲ್ಲದೆ ಬ್ಯಾಕ್ಟೀರಿಯಾದ ಲೆಕ್ಕಕ್ಕೆ ಅರ್ಥ ಬರುವುದಿಲ್ಲ.

ಕೊನೆಯ ಪ್ರಶ್ನೆ ಅಮ್ಮನ ಜೊತೆ ಬಂದಿದ್ದ ಚಿಕ್ಕ ಹುಡುಗನದ್ದು. "ಮರಿ ಬಾವಲಿಗೆ ಬ್ಯಾಕ್ಟೀರಿಯಾ ಯಾರು ಕೊಡ್ತಾರೆ?"

ಅಮ್ಮ ಕೊಡುತ್ತಾಳೆ ಪುಟ್ಟಾ ಅಂದೆ. ಮರಿ ಹುಟ್ಟಿದ ಕೂಡಲೇ ಅಮ್ಮನ ಎದೆಗೆ ಕಚ್ಚಿಕೊಳ್ಳುತ್ತದೆ. ಅಮ್ಮನ ಮೈ, ಹಾಲು, ಅವಳು ನೆಕ್ಕುವ ನಾಲಿಗೆ, ಅಕ್ಕಪಕ್ಕ ನೇತಾಡುವ ಬಳಗ, ಎಲ್ಲ ಕಡೆಯಿಂದಲೂ ಬರುತ್ತವೆ. ರಕ್ತ ಕುಡಿಯುವ ಬಾವಲಿಯ ಮರಿ ತಿಂಗಳುಗಟ್ಟಲೆ ಹಾಲು ಕುಡಿಯುತ್ತದೆ. ಆ ದಿನಗಳಲ್ಲೇ ಅಮ್ಮ ಬೇಟೆಯಿಂದ ಬಂದು ತನ್ನ ಹೊಟ್ಟೆಯಿಂದ ಸ್ವಲ್ಪ ರಕ್ತ ಮೇಲಕ್ಕೆ ತಂದು ಮರಿಯ ಬಾಯಿಗೆ ಕೊಡುತ್ತಾಳೆ. ಮುಂದೆ ಜೀವನಪೂರ್ತಿ ಕುಡಿಯಬೇಕಾದ ಊಟದ ಮೊದಲ ತುತ್ತು ಅದು. ಅದನ್ನು ಅರಗಿಸಲು ಬೇಕಾದ ಜೊತೆಗಾರರಿಗೂ ಒಳಗೆ ಬರಲು ಅದೇ ದಾರಿ.